ಹತ್ತು ವರ್ಷದ ಹುಡುಗಿ ಕೆಜಿಬಿ ಮುಖ್ಯಸ್ಥನನ್ನು ಕೇಳಿದ್ದು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, "ಅಪ್ಪಾ, ಗುಪ್ತಚರ ಇಲಾಖೆ ನಡೆಸಿದವರೇ ದೇಶ ಆಳಿದರೆ ಒಳ್ಳೇದಲ್ವಾ? ಅವರಿಗೆ ಎಲ್ಲಾ ಗೊತ್ತಿರುತ್ತೆ" ಅಂತ. ಅಷ್ಟರಲ್ಲಿ ಬಸ್ ಬಂತು, ಫೋನ್ ಇಟ್ಟುಬಿಟ್ಟೆ. ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಬರೆಯಲು ಕೂತೆ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ರಷ್ಯಾದ ಪತ್ರಿಕೆಗಳು ನಮ್ಮೂರಿಗೂ ಬರುತ್ತಿದ್ದವು. ನುಣುಪಾದ ದಪ್ಪ ಹಾಳೆ. ಓದಿದ್ದಕ್ಕಿಂತ ಪುಸ್ತಕಕ್ಕೆ ಬೈಂಡ್ ಹಾಕಿದ್ದೇ ಜಾಸ್ತಿ. ನನ್ನ ಗಣಿತದ ಪುಸ್ತಕದ ಮೇಲೆ ಕನ್ನಡಕ ಹಾಕಿದ ಒಬ್ಬರ ಮುಖ ಇತ್ತು. ವರ್ಷ ಪೂರ್ತಿ ಅದನ್ನೇ ನೋಡಿದೆ. ಅವರೇ ಯೂರಿ ಆಂಡ್ರೊಪೊವ್.

1967ರಿಂದ 1982ರವರೆಗೆ ಅವರು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥರು. ಆ ಕುರ್ಚಿಯಲ್ಲಿ ಅಷ್ಟು ವರ್ಷ ಬೇರೆ ಯಾರೂ ಕೂತಿಲ್ಲ. 1982ರ ನವೆಂಬರಿನಲ್ಲಿ ದೇಶ ಆಳುತ್ತಿದ್ದ ಬ್ರೆಜ್ನೆವ್ ತೀರಿಕೊಂಡರು. ಎರಡೇ ದಿನಕ್ಕೆ ಕಮ್ಯುನಿಸ್ಟ್ ಪಕ್ಷ ಆಂಡ್ರೊಪೊವ್ ಕೈಗೆ ಬಂತು, ಅಂದರೆ ದೇಶವೇ ಬಂತು.

ಅವರ ಮನಸ್ಸು ಗಟ್ಟಿಯಾಗಿದ್ದು ಬುಡಾಪೆಸ್ಟಿನಲ್ಲಿ ಅಂತ ನನಗನಿಸುತ್ತದೆ. 1956ರಲ್ಲಿ ಹಂಗೇರಿಯ ಜನ ದಂಗೆ ಎದ್ದಾಗ ಅಲ್ಲಿ ಸೋವಿಯತ್ ರಾಯಭಾರಿ ಆಗಿದ್ದವರು ಇವರೇ. ಸಿಟ್ಟಿಗೆದ್ದ ಜನ ಗುಪ್ತ ಪೊಲೀಸರನ್ನು ಕೊಂದು ಬೀದಿಯಲ್ಲೇ ನೇತುಹಾಕಿದ್ದರು. ಇನ್ನಷ್ಟು ಸೋವಿಯತ್ ಸೈನ್ಯ ಯಾಕೆ ಬರುತ್ತಿದೆ ಅಂತ ಹಂಗೇರಿಯ ಪ್ರಧಾನಿ ಇಮ್ರೆ ನಾಗಿ ಕೇಳಿದರೆ ಆಂಡ್ರೊಪೊವ್ ಸಮಾಧಾನದ ಮಾತಾಡಿದರು. ನವೆಂಬರ್ 4ರಂದು ಟ್ಯಾಂಕುಗಳು ಊರೊಳಗೆ ನುಗ್ಗಿದವು. ನಾಗಿಯನ್ನು 1958ರಲ್ಲಿ ಗಲ್ಲಿಗೇರಿಸಿದರು.

ಆಮೇಲೆ ಯಾರು ತುಟಿ ಬಿಚ್ಚಿದರೂ ಅವರಿಗೆ ಬುಡಾಪೆಸ್ಟೇ ಕಂಡಿರಬೇಕು. ಬೇರೆ ಥರ ಯೋಚಿಸುವವರ ಮೇಲೆ ಕಣ್ಣಿಡಲು ಕೆಜಿಬಿಯಲ್ಲಿ ಬೇರೆ ವಿಭಾಗವನ್ನೇ ತೆರೆದರು. ಕೆಲವರಿಗೆ ಹುಚ್ಚು ಅಂತ ಹೇಳಿ ಮಾನಸಿಕ ಆಸ್ಪತ್ರೆಗೆ ಹಾಕಿದರು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವಿಜ್ಞಾನಿ ಸಖಾರೊವ್ ಅವರನ್ನು 1980ರಲ್ಲಿ ವಿಚಾರಣೆಯನ್ನೇ ಮಾಡದೆ ಗೋರ್ಕಿ ಪಟ್ಟಣಕ್ಕೆ ಅಟ್ಟಿದರು.

ನೀನು ಹೇಳಿದಂತೆ ಅವರಿಗೆ ಗೊತ್ತಿದ್ದದ್ದು ನಿಜ. ದೇಶದ ಹಣಕಾಸು ಕುಸಿಯುತ್ತಿದೆ, ದೊಡ್ಡವರು ಲಂಚ ತಿನ್ನುತ್ತಿದ್ದಾರೆ, ಎಲ್ಲಾ ಗೊತ್ತಿತ್ತು. ಕೆಲವು ಭ್ರಷ್ಟರನ್ನು ಕಿತ್ತೂ ಹಾಕಿದರು. ಮುಂದೆ ದೇಶ ಆಳಿ ಸುಧಾರಣೆ ತಂದ ಗೊರ್ಬಚೆವ್ ಅವರನ್ನು ಬೆಳೆಸಿದ್ದೂ ಇವರೇ. ಆದರೆ 1983ರ ಶುರುವಿನಲ್ಲಿ ಏನು ಮಾಡಿಸಿದರು ನೋಡು. ಹಗಲು ಹೊತ್ತು ಅಂಗಡಿ, ಸಿನಿಮಾ ಮಂದಿರ, ಸ್ನಾನಗೃಹಗಳಿಗೆ ಪೊಲೀಸರು ನುಗ್ಗಿ, "ಕೆಲಸ ಬಿಟ್ಟು ಇಲ್ಲೇನು ಮಾಡ್ತಿದ್ದೀಯ?" ಅಂತ ಕೇಳಿದರು. ಅಂಗಡಿಯಲ್ಲಿ ಸಾಮಾನಿಲ್ಲದೆ ಜನ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಿದ್ದ ಕಾಲ ಅದು. ಕ್ಯೂನಲ್ಲಿದ್ದವರನ್ನೇ ಹಿಡಿದರೆ ಕ್ಯೂ ಕರಗುತ್ತದೆಯೇ, ಪುಟ್ಟಿ? ಹದಿನೈದು ವರ್ಷ ಜನರನ್ನು ಅನುಮಾನದಿಂದ ನೋಡಿದ ಕಣ್ಣು ಅದು.

ಅವರು ಅಧಿಕಾರಕ್ಕೆ ಬಂದ ತಿಂಗಳೇ ಅಮೆರಿಕದ ಮೇಯ್ನ್ ರಾಜ್ಯದಿಂದ ಸಮಂತಾ ಸ್ಮಿತ್ ಎಂಬ ಹತ್ತು ವರ್ಷದ ಹುಡುಗಿ ಅವರಿಗೊಂದು ಪತ್ರ ಬರೆದಳು. ಹೊಸ ಕೆಲಸಕ್ಕೆ ಅಭಿನಂದನೆ ಹೇಳಿ, ನೀವು ಯುದ್ಧ ಮಾಡ್ತೀರೋ ಇಲ್ಲವೋ ಅಂತ ನೇರವಾಗಿ ಕೇಳಿದ್ದಳು. 1983ರ ಏಪ್ರಿಲಿನಲ್ಲಿ ಉತ್ತರ ಬಂತು. ನಮಗೆ ಶಾಂತಿ ಬೇಕು, ಬೇಸಿಗೆಯಲ್ಲಿ ಬಂದು ನೀನೇ ನೋಡು ಅಂತ. ಅದರಲ್ಲಿ ಪ್ರಚಾರವೂ ಇತ್ತು, ಸರಿ. ಆದರೂ ಅವರನ್ನು ಯಾರೂ ಹಾಗೆ ಎದುರೆದುರು ಕೇಳಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ಕೇಳಬಹುದಾದವರನ್ನೆಲ್ಲ ಅವರೇ ದೂರ ಕಳಿಸಿದ್ದರು.

ಜುಲೈನಲ್ಲಿ ಸಮಂತಾ ಅಪ್ಪ ಅಮ್ಮನ ಜೊತೆ ಹೋದಳು. ಮಾಸ್ಕೋ ನೋಡಿದಳು, ಕಪ್ಪು ಸಮುದ್ರದ ದಡದ ಆರ್ಟೆಕ್ ಶಿಬಿರದಲ್ಲಿ ಮಕ್ಕಳ ಜೊತೆ ಆಡಿದಳು. ಕರೆದವರು ಮಾತ್ರ ಸಿಗಲಿಲ್ಲ. ಅವರ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ಅದನ್ನು ಸ್ವಂತ ದೇಶದ ಜನಕ್ಕೂ ಹೇಳಿರಲಿಲ್ಲ. ನವೆಂಬರಿನಲ್ಲಿ ಕ್ರಾಂತಿಯ ವಾರ್ಷಿಕೋತ್ಸವದ ಮೆರವಣಿಗೆಗೆ ಬಾರದಿದ್ದಾಗಲೂ ನೆಗಡಿ ಅಂದರು. 1984ರ ಫೆಬ್ರವರಿ 9ರಂದು ತೀರಿಕೊಂಡರು. ಆಳಿದ್ದು 15 ತಿಂಗಳು. ಮರುವರ್ಷ ವಿಮಾನ ಅಪಘಾತದಲ್ಲಿ ಸಮಂತಾನೂ ಹೋದಳು, ಅಪ್ಪನ ಜೊತೆಯಲ್ಲೇ. ಅವಳಿಗೆ ಹದಿಮೂರು.

ಆ ಗಣಿತದ ಪುಸ್ತಕ ಅಟ್ಟದ ಟ್ರಂಕಿನಲ್ಲಿ ಇನ್ನೂ ಇರಬೇಕು. ಹಬ್ಬಕ್ಕೆ ಬಂದಾಗ ಇಬ್ಬರೂ ಹುಡುಕೋಣ.

ನಿನ್ನ
ಅಪ್ಪ