ಪುಸ್ತಕ ಆರಿಸಿಕೊಟ್ಟ ಅಕ್ಕನಿಗೆ

ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯದಲ್ಲಿ ನನ್ನ ಮಗಳ ಪಕ್ಕ ಬಂದು ಕೂತ ಅಕ್ಕ, ನಿಮ್ಮ ಹೆಸರು ಕೇಳುವುದಕ್ಕೇ ಆಗಲಿಲ್ಲ. ತುಂಬಾ ಥ್ಯಾಂಕ್ಸ್.

ಮಗಳಿಗೆ ತೊನ್ನು. ಬಾಯಿಯ ಸುತ್ತ, ಬೆರಳುಗಳ ಮೇಲೆ ಬಿಳಿ ಮಚ್ಚೆಗಳಿವೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಇಲ್ಲವಾದಾಗ ಹೀಗಾಗುತ್ತದೆ, ಮುಟ್ಟಿದರೆ ಹರಡುವುದಿಲ್ಲ. ಆದರೂ ಜೊತೆಯ ಮಕ್ಕಳು ಅವಳ ಕೈ ಹಿಡಿಯುವುದಿಲ್ಲ. (ಹಿಡಿಯಬೇಡ ಅಂತ ಹೇಳಿಕೊಡುವವರು ದೊಡ್ಡವರೇ.) ನೀವು ಅದೇ ಬೆರಳನ್ನು ಹಿಡಿದು, ಚಿತ್ರದ ಮೇಲೆ ಆಡಿಸುತ್ತಾ ಕಥೆ ಓದಿದಿರಿ.

ಆಮೇಲೆ ನನಗೊಂದು ಮಾತು ಹೇಳಿದಿರಿ. ಬೇರೆ ಥರ ಇರುವ ಮಗು ಕೊನೆಗೆ ಏನೋ ಸಾಹಸ ಮಾಡಿ ಮೆಚ್ಚುಗೆ ಗಳಿಸುವ ಕಥೆಗಳೇ ಜಾಸ್ತಿ. ಏನೂ ಸಾಧಿಸದೆ ಸುಮ್ನೆ ಎಲ್ಲರ ಜೊತೆ ಆಡುವ ಮಗುವಿನ ಕಥೆ ಹುಡುಕಿ ಅಂತ. ಎಷ್ಟು ನಿಜ ಅಲ್ವಾ! ಈಗ ನಾನು ಪುಸ್ತಕ ಆರಿಸುವುದೇ ಹಾಗೆ.

ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ತೋರಿಸಿದವರೂ ನೀವೇ. ಅಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ, ಪ್ರಿಂಟ್ ಕೂಡ ತೆಗೆದುಕೊಳ್ಳಬಹುದು. ಈಗ ಮಗಳು ತಾನೇ ಒಂದು ಪುಸ್ತಕ ಬರೆಯುತ್ತಿದ್ದಾಳೆ. ಅದರಲ್ಲಿರುವ ಹುಡುಗಿಯ ಬಾಯಿಯ ಸುತ್ತ ಬಣ್ಣ ಹಚ್ಚದೆ ಕಾಗದದ ಬಿಳಿಯನ್ನೇ ಉಳಿಸಿದ್ದಾಳೆ. ಅದನ್ನು ನಿಮಗೆ ತೋರಿಸಬೇಕಂತೆ. ದಯವಿಟ್ಟು ಇನ್ನೊಮ್ಮೆ ಸಿಗಿ ಅಕ್ಕ.