ಗೈಡ್ ರಾಡ್ ಬದಲಿಸುವ ಮುನ್ನ ಸ್ಪ್ರಿಂಗ್ ನೋಡಿ

ಮಾನ್ಯರೇ,

ಪಿಸ್ತೂಲಿಗೆ ಉಕ್ಕಿನದೋ ಟಂಗ್‌ಸ್ಟನ್‌ನದೋ ಉದ್ದನೆಯ ಗೈಡ್ ರಾಡ್ ಹಾಕಿಸಿದರೆ ಗುರಿ ಸುಧಾರಿಸುತ್ತದೆ ಎಂಬ ನಂಬಿಕೆ ಶೂಟಿಂಗ್ ಕಲಿಯುವವರಲ್ಲಿ ಬಲವಾಗಿದೆ. ಇದು ತಪ್ಪು. ಗುಂಡು ಹಾರಿದಾಗ ಹಿಂದೆ ಸರಿಯುವ ಸ್ಲೈಡನ್ನು (ಪಿಸ್ತೂಲಿನ ಮೇಲ್ಭಾಗವನ್ನು) ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಕುಗ್ಗುವಾಗ ಸೊಟ್ಟಗಾಗದಂತೆ ಹಿಡಿಯುವುದಷ್ಟೇ ಈ ಕಡ್ಡಿಯ ಕೆಲಸ. ಗುಂಡು ಒಂದೇ ಕಡೆ ಬೀಳಬೇಕಾದರೆ ಬ್ಯಾರೆಲ್ ಪ್ರತಿ ಸಲವೂ ಸ್ಲೈಡಿನೊಳಗೆ ಅದೇ ಜಾಗದಲ್ಲಿ ಕೂರಬೇಕು, ಟ್ರಿಗರ್ ಮೇಲಿನ ಬೆರಳು ಪಳಗಿರಬೇಕು.

ಕೋಲ್ಟ್ 1911 ಪಿಸ್ತೂಲ್ ನೋಡಿ. ಅದರ ವಿನ್ಯಾಸಕ ಜಾನ್ ಬ್ರೌನಿಂಗ್ ಅದಕ್ಕೆ ಕೊಟ್ಟದ್ದು ಮೋಟು ಗೈಡ್. ಸ್ಪ್ರಿಂಗಿನ ಮುಂಭಾಗವನ್ನು ಪ್ಲಗ್ ಎಂಬ ಟೊಪ್ಪಿಯಂಥ ಮುಚ್ಚಳ ಸುತ್ತುವರಿದಿರುತ್ತದೆ, ಹಾಗಾಗಿ ಅದು ಬಾಗಲು ಹೆಚ್ಚು ಜಾಗವೇ ಇಲ್ಲ. ಬಿಚ್ಚುವಾಗ ಪ್ಲಗ್ ಒತ್ತಿ ಬುಶಿಂಗ್ (ಬ್ಯಾರೆಲ್ ಮೂತಿಯ ಬಳೆ) ತಿರುಗಿಸಿದರಾಯಿತು. ಆದರೆ ಹೆಬ್ಬೆರಳು ಜಾರಿದರೆ ಪ್ಲಗ್ ಕಣ್ಣಿಗೇ ಚಿಮ್ಮೀತು. ಪೂರ್ಣ ಉದ್ದದ ರಾಡ್ ಹಾಕಿದ ಮೇಲೆ ಇದೇ ಕೆಲಸಕ್ಕೆ ಸಾಮಾನ್ಯವಾಗಿ ಬುಶಿಂಗ್ ವ್ರೆಂಚ್ ಬೇಕು. ಎರಡು ತುಂಡಿನ ರಾಡ್ ಆದರೆ ಅಲೆನ್ ಕೀ ಬೇಕು, ಮೇಲಾಗಿ ಹೊಡೆಯುತ್ತಾ ಹೋದಂತೆ ಅದರ ತಿರುಪು ತಾನಾಗಿ ಸಡಿಲವಾಗಬಹುದು. ಟಂಗ್‌ಸ್ಟನ್ ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಮೂತಿಯ ನೆಗೆತ ತುಸು ತಗ್ಗುವುದು ನಿಜ. ಬೇಗಬೇಗ ಹೊಡೆಯುವ ಸ್ಪರ್ಧೆಯಲ್ಲಿ ಅದರ ಲಾಭ ಉಂಟು, ನಿಧಾನ ಗುರಿಯಲ್ಲಿ ಇಲ್ಲ.

ಗ್ಲಾಕ್ ಪಿಸ್ತೂಲಿನ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ರಾಡ್ ತುಕ್ಕು ಹಿಡಿಯದು. ಸ್ಪ್ರಿಂಗ್ ಅದಕ್ಕೇ ಸೇರಿಕೊಂಡಿರುವುದರಿಂದ ಚಿಮ್ಮುವ ಭಯವೂ ಕಡಿಮೆ. 2010ರ ನಾಲ್ಕನೇ ತಲೆಮಾರಿನಲ್ಲಿ ಪೂರ್ಣ ಗಾತ್ರದ ಮಾದರಿಗಳಿಗೂ ಎರಡು ಸ್ಪ್ರಿಂಗಿನ ಜೋಡಣೆ ಬಂತು; ಅದರ ಮುಂತುದಿ ದಪ್ಪ, ಹಳೆಯ ಮೂರನೇ ತಲೆಮಾರಿನ ಸ್ಲೈಡಿಗೆ ಹಿಡಿಸದು. ಜೋಡಿಸುವಾಗ ಹಿಂತುದಿ ಬ್ಯಾರೆಲ್ ಅಡಿಯ ಅರ್ಧಚಂದ್ರದ ಕಚ್ಚಿನಲ್ಲೇ ಕೂರಬೇಕು. ಮಕರೋವ್, ವಾಲ್ಥರ್ ಪಿಪಿಗಳಲ್ಲಂತೂ ಈ ರಾಡೇ ಇಲ್ಲ. ಅಲುಗದ ಬ್ಯಾರೆಲ್ಲೇ ಸ್ಪ್ರಿಂಗಿಗೆ ಆಸರೆ. ನಮ್ಮ ದೇಶದ ಇಷಾಪುರ ಬಂದೂಕು ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲಿನ ಮೂಲವಾದ ಬ್ರೌನಿಂಗ್ ಹೈಪವರ್‌ನದು ಮೋಟು ಗೈಡೂ ಅಲ್ಲ, ಪ್ಲಗ್ಗೂ ಬೇಡ.

ರಾಡಿಗೆ ಸುರಿಯುವ ಹಣವನ್ನು ಸ್ಪ್ರಿಂಗಿಗೆ ಹಾಕಿ. ಐದಿಂಚು ಬ್ಯಾರೆಲ್‌ನ, .45 ಗುಂಡಿನ 1911 ಪಿಸ್ತೂಲಿಗೆ ವಾಡಿಕೆಯದು 16 ಪೌಂಡ್ ಬಲದ ಸ್ಪ್ರಿಂಗ್. ಅದು ಸೋತರೆ ಸ್ಲೈಡ್ ಫ್ರೇಮಿಗೆ (ಕೆಳಗಿನ ಚೌಕಟ್ಟಿಗೆ) ಬಡಿಯುತ್ತದೆ, ಖಾಲಿ ಕೇಸುಗಳು ದೂರ ಹಾರುತ್ತವೆ. ಅತಿ ಬಿಗಿಯಾದದ್ದು ಹಾಕಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸು ಸಿಕ್ಕಿಕೊಳ್ಳುತ್ತದೆ. ಹೊಸ ಸ್ಪ್ರಿಂಗಿನ ಪಕ್ಕ ಹಳೆಯದನ್ನಿಟ್ಟು ಅದರ ಉದ್ದ ಎಷ್ಟು ತಗ್ಗಿದೆ ನೋಡಿ. ಗ್ಲಾಕ್‌ಗೆ ಬೇರೆ ಪರೀಕ್ಷೆ: ಮ್ಯಾಗಜೀನ್ ತೆಗೆದು, ಚೇಂಬರ್ (ಬ್ಯಾರೆಲ್ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಖಾಲಿ ಎಂದು ಕಣ್ಣು ಬೆರಳು ಎರಡರಿಂದಲೂ ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿನಲ್ಲಿ ಮೂತಿಯನ್ನು 45 ಡಿಗ್ರಿ ಮೇಲಕ್ಕೆ ಹಿಡಿಯಿರಿ. ಟ್ರಿಗರ್ ಒತ್ತಿಹಿಡಿದೇ ಸ್ಲೈಡ್ ಹಿಂದೆಳೆದು ನಿಧಾನ ಮುಂದೆ ಬಿಡಿ. ಅದು ಪೂರ್ತಿ ಮುಚ್ಚದಿದ್ದರೆ ಸ್ಪ್ರಿಂಗ್ ಬದಲಿಸಲೇಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿಭಾಗಗಳೂ ಶಸ್ತ್ರಾಸ್ತ್ರಗಳೇ. ಆದ್ದರಿಂದ ಯಾವುದೋ ಜಾಲತಾಣದಿಂದ ತರಿಸದೆ, ಪರವಾನಗಿ ಇರುವ ಬಂದೂಕು ರಿಪೇರಿಯವರಲ್ಲೇ ಮಾಡಿಸಿ, ರಸೀದಿ ಪಡೆಯಿರಿ.

– ಪಿಸ್ತೂಲ್ ಶೂಟಿಂಗ್ ತರಬೇತುದಾರ, ಬೆಂಗಳೂರು