ಕರಗುವ ನೆಲದಲ್ಲಿ ನಮ್ಮದೂ ಪಾಲು

ಮಾನ್ಯ ಸಂಪಾದಕರೇ,

ಆರ್ಕ್ಟಿಕ್ ಪ್ರದೇಶದಲ್ಲಿ ತೈಲ ತೆಗೆಯುವ ಮಾತು ಬಂದಾಗಲೆಲ್ಲ ಅದು ಅಮೆರಿಕ, ರಷ್ಯಾ, ನಾರ್ವೆಗಳಿಗೆ ಸೇರಿದ ವಿಚಾರವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಸೈಬೀರಿಯಾದಲ್ಲಿ, ಆರ್ಕ್ಟಿಕ್ ವೃತ್ತಕ್ಕೂ ಉತ್ತರದಲ್ಲಿರುವ ವಾಂಕೋರ್ ತೈಲಕ್ಷೇತ್ರದಲ್ಲಿ ನಮ್ಮ ಸಾರ್ವಜನಿಕ ವಲಯದ ಕಂಪನಿಗಳು 2016ರಲ್ಲೇ ಪಾಲು ಕೊಂಡಿವೆ. ಒಎನ್‌ಜಿಸಿ ವಿದೇಶ್ ಶೇ 26ರಷ್ಟನ್ನು, ಇಂಡಿಯನ್ ಆಯಿಲ್, ಆಯಿಲ್ ಇಂಡಿಯಾ ಮತ್ತು ಭಾರತ್ ಪೆಟ್ರೋಲಿಯಂನ ಅಂಗಸಂಸ್ಥೆಗಳು ಒಟ್ಟಾಗಿ ಶೇ 23.9ರಷ್ಟನ್ನು ಪಡೆದವು. ಅಂದರೆ ಹೆಚ್ಚುಕಡಿಮೆ ಅರ್ಧ ಪಾಲು ಈ ದೇಶದ ಜನರ ಹಣದ್ದು.

ಅಲ್ಲಿನ ನೆಲ ನಮ್ಮ ನೆಲದಂತಲ್ಲ. ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇರುವ ಮಣ್ಣು, ಅಂದರೆ ಪರ್ಮಾಫ್ರಾಸ್ಟ್, ಅಲ್ಲಿ ಕಟ್ಟಡ, ಟ್ಯಾಂಕ್, ಕೊಳವೆಮಾರ್ಗಗಳಿಗೆಲ್ಲ ಬಂಡೆಯಂತೆ ಆಧಾರವಾಗಿರುತ್ತದೆ. ಅದು ಕರಗಿದರೆ ಕೆಸರಾಗಿ ಕುಸಿಯುತ್ತದೆ. 1979ರಿಂದೀಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ವಾಂಕೋರ್ ಇರುವ ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದಲ್ಲೇ, ನೊರಿಲ್ಸ್ಕ್ ನಗರದ ವಿದ್ಯುತ್ ಸ್ಥಾವರವೊಂದರ ಟ್ಯಾಂಕು 2020ರ ಮೇ ತಿಂಗಳಲ್ಲಿ ಅಡಿಪಾಯ ಕುಸಿದು ಒಡೆದು, ಸುಮಾರು 21,000 ಟನ್ ಡೀಸೆಲ್ ನೆಲಕ್ಕೂ ಅಂಬಾರ್ನಾಯಾ ನದಿಗೂ ಹರಿಯಿತು. ಕಂಪನಿ ಕರಗುವ ಪರ್ಮಾಫ್ರಾಸ್ಟ್ ಕಡೆಗೆ ಬೆರಳು ತೋರಿಸಿತು; ತನಿಖಾಧಿಕಾರಿಗಳು ನಿರ್ಮಾಣದ ದೋಷಗಳನ್ನು ಎತ್ತಿ ಹೇಳಿದರು. ಎರಡರಲ್ಲಿ ಯಾವುದು ಹೆಚ್ಚು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅಂಥ ನೆಲದಲ್ಲಿ ಸಣ್ಣ ಅಜಾಗರೂಕತೆಗೂ ಕ್ಷಮೆಯಿಲ್ಲ ಎಂಬುದಷ್ಟೇ ನನಗೆ ಮುಖ್ಯ. ಚಳಿಯಲ್ಲಿ ಸೂಕ್ಷ್ಮಜೀವಿಗಳು ತೈಲವನ್ನು ಬಹಳ ನಿಧಾನವಾಗಿ ಕೊಳೆಯಿಸುವುದರಿಂದ, ಚೆಲ್ಲಿದ ತೈಲ ವರ್ಷಗಟ್ಟಲೆ ಉಳಿಯುತ್ತದೆ. ಅಲಾಸ್ಕಾದ ಕಡಲತೀರದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸೋರಿದ ತೈಲ ದಶಕಗಳ ನಂತರವೂ ಮರಳು, ಕಲ್ಲುಗಳ ಅಡಿಯಲ್ಲಿ ಸಿಗುತ್ತಿತ್ತು.

ನನ್ನನ್ನು ಹೆಚ್ಚು ಕಾಡುವುದು ಅಲಾಸ್ಕಾದ ವಿಲ್ಲೋ ಯೋಜನೆ. ಅಮೆರಿಕ ಸರ್ಕಾರ 2023ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟ ಈ ಯೋಜನೆಯಲ್ಲಿ ದಿನಕ್ಕೆ ಗರಿಷ್ಠ 1,80,000 ಬ್ಯಾರೆಲ್ ತೈಲ ತೆಗೆಯುವ ಅಂದಾಜಿದೆ. ಅದಕ್ಕಾಗಿ ನಿರ್ಮಿಸುವ ಕಟ್ಟಡಗಳ ಅಡಿಯ ಮಣ್ಣು ಕರಗದಂತೆ ಶಾಖವನ್ನು ಹೊರಸೆಳೆಯುವ ಕೊಳವೆಗಳನ್ನು ನೆಡುವುದೂ ಯೋಜನೆಯ ಭಾಗವೇ. ಯಾವ ಇಂಧನ ಸುಟ್ಟು ನೆಲ ಕರಗುತ್ತಿದೆಯೋ ಅದೇ ಇಂಧನವನ್ನು ಇನ್ನಷ್ಟು ತೆಗೆಯಲು ನೆಲವನ್ನು ಕೃತಕವಾಗಿ ತಂಪಾಗಿಡುವುದು ಎಂಥ ವಿವೇಕ? ಉತ್ತರದ ಪರ್ಮಾಫ್ರಾಸ್ಟ್ ನೆಲದಲ್ಲೆಲ್ಲ ಹುದುಗಿರುವ ಇಂಗಾಲ ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟಿದೆ. ಅದರಲ್ಲಿ ಒಂದಂಶ ಹೊರಬಂದರೂ ಮತ್ತೆ ಹಿಂದಕ್ಕೆ ಕಳಿಸುವ ದಾರಿ ಯಾರ ಬಳಿಯೂ ಇಲ್ಲ.

ನಮ್ಮ ದೇಶಕ್ಕೆ ಕಚ್ಚಾತೈಲ ಬೇಕು, ಅದರ ಬಹುಪಾಲನ್ನು ಹೊರಗಿನಿಂದ ತರುತ್ತೇವೆ, ನಿಜ. ಆದರೂ ದಕ್ಷಿಣ ಧ್ರುವದ ವಿಷಯದಲ್ಲಿ ಭಾರತ ದೃಢವಾಗಿ ನಿಂತಿದೆ. ಅಂಟಾರ್ಕ್ಟಿಕಾದಲ್ಲಿ ಖನಿಜ ತೆಗೆಯುವುದನ್ನು ನಿಷೇಧಿಸಿದ 1991ರ ಮ್ಯಾಡ್ರಿಡ್ ಒಪ್ಪಂದಕ್ಕೆ ಬದ್ಧವಾಗಿ ನಮ್ಮ ಸಂಸತ್ತು 2022ರಲ್ಲಿ ಕಾನೂನನ್ನೇ ಮಾಡಿತು. ಉತ್ತರದಲ್ಲಿ ಅಂಥ ಒಪ್ಪಂದವಿಲ್ಲ, ಅದು ಸಾರ್ವಭೌಮ ದೇಶಗಳ ನೆಲ ಎಂಬುದು ಗೊತ್ತಿದೆ. ಹಾಗಿದ್ದರೂ ನಮ್ಮ ಹೂಡಿಕೆಯ ಮೇಲಾದರೂ ನಮಗೆ ಹಿಡಿತವಿರಬೇಕಲ್ಲವೇ?

ವಾಂಕೋರ್‌ನಲ್ಲಿ ನೆಲದ ತಾಪಮಾನ, ಅಡಿಪಾಯಗಳ ಸ್ಥಿತಿ ಮತ್ತು ಸೋರಿಕೆಗಳ ವಿವರವನ್ನು ಈ ಕಂಪನಿಗಳು ಪ್ರತಿ ವರ್ಷ ಪ್ರಕಟಿಸಬೇಕು. ಹೆಪ್ಪುಗಟ್ಟಿದ ನೆಲದಲ್ಲಿ ಇನ್ನು ಹೊಸ ಪಾಲು ಕೊಳ್ಳುವುದಿಲ್ಲವೆಂದು ಕೇಂದ್ರ ಸರ್ಕಾರ ಘೋಷಿಸಬೇಕು. ನಮ್ಮ ರಾಜ್ಯದ ಸಂಸದರು ಇದನ್ನು ಮುಂದಿನ ಅಧಿವೇಶನದಲ್ಲಿ ಕೇಳಲಿ ಎಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಭೂಗೋಳ ಶಿಕ್ಷಕ, ಶಿವಮೊಗ್ಗ